ಹಾಸಿಗೆ ಇದ್ದಷ್ಟು

ಮೂರು ಗಾಡಿ ನೋಡಿದೆವು.
ಮೊದಲನೆಯದು ಬ್ರಹ್ಮಾವರದ ಶಾಲೆಯ ವ್ಯಾನು,
ಸುತ್ತ ಕಿಟಕಿಯೇ ಕಿಟಕಿ,
ಒಳಗೆ ಕೂತರೆ ಗಾಜಿನ ಭರಣಿಯ ಚಕ್ಕುಲಿ ನಾವು.
ಎರಡನೆಯದು ಆಂಬುಲೆನ್ಸ್.
'ಮಲಗಲಿಕ್ಕೆ ಇದರಷ್ಟು ಲಾಯ್ಕದ್ದು ಬೇರೆ ಇಲ್ಲ' ಅಂದ ಬ್ರೋಕರ್ ಅದ್ರಾಮಾಕ
ತಾವೇ ನಾಲಿಗೆ ಕಚ್ಚಿಕೊಂಡರು.

ಮೂರನೆಯದು ಕಟಪಾಡಿಯ ಬೇಕರಿಯದ್ದು.
ಇವರು ಬಾನೆಟ್ಟಿಗೆ ಕಿವಿ ಕೊಟ್ಟರು.
ಮಲ್ಪೆಯ ಬೋಟುಗಳ ಎಂಜಿನಿಗೆ ಮೂವತ್ತೊಂದು ವರ್ಷ ಕೊಟ್ಟ ಕಿವಿ,
ಎಡದ್ದು ಈಗ ಅರ್ಧವೇ ಕೇಳುವುದು,
ಆ ಅರ್ಧದಲ್ಲೇ ಹೇಳಿದರು:
'ನಾಲ್ಕನೆಯ ಇಂಜೆಕ್ಟರಿಗೆ ಕೆಮ್ಮು ಉಂಟು.'

ನಾನು ಚಪ್ಪಲಿ ಬಿಟ್ಟು ಹತ್ತಿದೆ.
ಬ್ಯಾಗಿನಿಂದ ಟೇಪು ತೆಗೆದು ಅಳೆದೆ.
ಮತ್ತೆ, ಟೇಪನ್ನೂ ನಂಬದೆ,
ತಗಡಿನ ಮೇಲೆ ಮಲಗಿಯೇಬಿಟ್ಟೆ.
ಅದ್ರಾಮಾಕ ಆಚೆ ತಿರುಗಿ ತೆಂಗಿನಮರ ಎಣಿಸಿದರು.
'ನೀವೂ ಬನ್ನಿ' ಅಂದೆ ಇವರಿಗೆ.
ಹಾಡಹಗಲು, ಪಂಚರ್ ಅಂಗಡಿಯ ಹುಡುಗರ ಮುಂದೆ,
ಐವತ್ತೆಂಟರ ನಾನು, ಅರವತ್ತಮೂರರ ಇವರು,
ಅಂಗಾತ ಮಲಗಿ ಮಾಡು ನೋಡಿದೆವು.

ನನ್ನ ಕಾಲಿನಾಚೆ ನಾಲ್ಕು ಬೆರಳು ಜಾಗ.
ಇವರ ಪಾದ ಎರಡೂ ಬಾಗಿಲ ಹೊರಗೆ, ರಸ್ತೆಗೆ.
ಬಟ್ಟೆ ಸಾಲದಿದ್ದರೆ ತುಂಡು ಕೊಡುವುದಿಲ್ಲವೇ?
ಹೊಲಿಗೆಯ ಸೀಮೆಸುಣ್ಣದಲ್ಲಿ ಗೆರೆ ಎಳೆದೆ:
ಇಲ್ಲಿ ತಲೆ, ಇಲ್ಲಿ ಒಲೆ,
ಬಾಗಿಲಿಗೊಂದು ಪೆಟ್ಟಿಗೆ, ಇವರ ಪಾದಕ್ಕೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು
ದರ್ಜಿಗಳಾಗಿರಲಿಕ್ಕಿಲ್ಲ.

ಮಣಿಪಾಲದ ಆರ್‌ಟಿಓದಲ್ಲಿ ಕೇಳಿದರು: ಸರಕಿಗೋ, ಪ್ರಯಾಣಿಕರಿಗೋ?
'ನಿದ್ದೆಗೆ' ಅಂದೆ.
ಆ ಹುಡುಗಿ ಕಂಪ್ಯೂಟರಿನಲ್ಲಿ ಇಳಿದಳು, ಇಳಿದಳು,
ಕೊನೆಗೆ ಸಿಕ್ಕಿತು ನಮ್ಮ ಸಾಲು,
ಕ್ರೇನು, ಹೆಣದ ಗಾಡಿಗಳ ನೆರೆಯಲ್ಲಿ.

ಎರಡು ಸಲ ಬಣ್ಣ ಹೊಡೆಸಿದೆವು.
ಬೇಕರಿಯ ಹೆಸರು ಹೋಯಿತು;
ಹಿಂದಿನ ಬಾಗಿಲಲ್ಲಿ 'ಬಿಸಿ ಬಿಸಿ' ಮಾತ್ರ ಈಗಲೂ ಇಣುಕುತ್ತದೆ.
ಬಿಸಿಲೇರಿದರೆ ತಗಡು ಬನ್ನಿನ ಪರಿಮಳ ಬಿಡುತ್ತದೆ.

'ಆ ದುಡ್ಡಿಗೆ ಅರ್ಧ ಸೆಂಟ್ಸು ಜಾಗ ಬರ್ತಿತ್ತು' ಅಂದರು ಗುಲಾಬಿಯಕ್ಕ.
ಬರ್ತಿತ್ತು.
ಅದನ್ನು ಮರವಂತೆಗೆ ಓಡಿಸಲಿಕ್ಕೆ ಆಗ್ತಿತ್ತಾ?
ಆದರೆ ಲೆಕ್ಕ ಕೇಳಬೇಡಿ, ನಾಚಿಕೆ:
ವರ್ಷದಲ್ಲಿ ಒಂಬತ್ತೇ ರಾತ್ರಿ.
ಮರವಂತೆ ಎರಡು, ಹೆಜಮಾಡಿ ಒಂದು,
ಗ್ಯಾರೇಜಿನಲ್ಲಿ ಮೂರು (ಅದೇ, ನಾಲ್ಕನೆಯ ಇಂಜೆಕ್ಟರು),
ಉಳಿದದ್ದು ನಮ್ಮದೇ ಅಂಗಳದಲ್ಲಿ,
ಎಪ್ರಿಲಿನ ಸೆಕೆಗೆ, ಕರೆಂಟು ಹೋದಾಗ,
ಮದುವೆಯ ರವಿಕೆಗಳ ನಡುವೆ ಕದ್ದ ಹೊತ್ತಿನಲ್ಲಿ ಹೊಲಿದ
ಸೊಳ್ಳೆಪರದೆಯ ಒಳಗೆ.

ಹೆಜಮಾಡಿಯಲ್ಲಿ, ಬೆಳಗ್ಗೆ ಆರಕ್ಕೆ,
ಯಾರೋ ಬಾಗಿಲು ಬಡಿದರು.
ಪೊಲೀಸೆಂದು ಇವರು ಮಲಗಿದಲ್ಲೇ ಅಂಗಿ ತಡಕಿದರು.
ಚಡ್ಡಿಯ ಹುಡುಗ. ಕೈಯಲ್ಲಿ ಐವತ್ತರ ನೋಟು.
'ಅಮ್ಮ ಹೇಳಿದ್ರು, ಆರು ಬನ್ನು.'
ಇಲ್ಲವೆಂದರೂ ಹೋಗಲಿಲ್ಲ, ಕತ್ತು ಒಳಗೆ ಹಾಕಿದ.
ಒಲೆ ಕಂಡ, ಪರದೆ ಕಂಡ,
ಪೆಟ್ಟಿಗೆಯಲ್ಲಿ ಇವರ ಪಾದ ಕಂಡ.
'ನೀವು ಇದರೊಳಗೇ ಇರುದಾ?'
'ಇವತ್ತು ಹೌದು.'
ನೋಟನ್ನು ಮಡಚಿದ, ಮತ್ತೆ ಮಡಚಿದ.
'ಹಾಗಾದ್ರೆ ಬನ್ನು ಯಾರು ತರುದು?'

ನನಗೇನು ಗೊತ್ತು.
ಈಗ ಹೊರಟಾಗಲೆಲ್ಲ ಎರಡು ಪ್ಯಾಕೆಟ್ ರಸ್ಕು ಇಟ್ಟುಕೊಳ್ಳುತ್ತೇನೆ.
ಎಲ್ಲಿಡುತ್ತೀ, ಜಾಗ ಎಲ್ಲುಂಟು, ಎಂದು ಇವರು ಗೊಣಗಿದರು.
ಉಂಟಲ್ಲ,
ನನ್ನ ಕಾಲಿನಾಚೆ
ನಾಲ್ಕು ಬೆರಳು.